ದೊಪ್ಪಣ್ಣನ ಬೆನ್ನು

ದೊಪ್ಪಣ್ಣ ಬದುಕಿದ್ದಾಗ ಮೂರು ಸಾವಿರದ ನಾನೂರು ಸಲ ಸತ್ತ. ಕಡಿಮೆ ಹೇಳಿದಿರಿ ಅಂತ ಅವನ ಹೆಂಡತಿ ಜಗಳಕ್ಕೆ ಬಂದರೆ ನಾಲ್ಕು ಸಾವಿರ ಅಂತಲೇ ಇಟ್ಟುಕೊಳ್ಳಿ. ಮಹಡಿಯಿಂದ ಬಿದ್ದ, ಕುದುರೆಯಿಂದ ಬಿದ್ದ, ಓಡುವ ಲಾರಿಯಿಂದ ಬಿದ್ದ. ಒಂದು ಪಿಕ್ಚರಿನಲ್ಲಂತೂ ಗುಂಡು ತಾಗುವ ಮೊದಲೇ ಬಿದ್ದುಬಿಟ್ಟ, ಗುಂಡೇ ನಾಚಿಕೊಂಡು ವಾಪಸ್ ಹೋಯಿತು. ಅವನು ಬಿದ್ದ ಸದ್ದಿಗೆ ಪಕ್ಕದ ಸ್ಟುಡಿಯೋದ ಸೀರಿಯಲ್ಲಿನಲ್ಲಿ ಸೊಸೆಗೆ ಬಯ್ಯುತ್ತಿದ್ದ ಅತ್ತೆ ಡೈಲಾಗು ಮರೆತು, ಸೊಸೆಯ ಕ್ಷಮೆಯನ್ನೇ ಕೇಳಿದ್ದಳು. ಆ ಸೀರಿಯಲ್ಲು ಅವತ್ತೇ ಮುಗಿದುಹೋಯಿತು, ಜಗಳವೇ ಇಲ್ಲದ ಮೇಲೆ ಇನ್ನೇನು ತೋರಿಸುತ್ತಾರೆ?

ಅಂಥವನು ಈ ವರ್ಷ ನಿಜವಾಗಿ ಸತ್ತಾಗ ಹಾಸಿಗೆಯ ಮೇಲೆ, ಒಂದಿಷ್ಟೂ ಸದ್ದು ಮಾಡದೆ ಹೋದ.

ಅವನ ಹೆಂಡತಿ ಮೇಕಪ್ಪಿನವಳು. ಗಂಡನಿಗೆ ಮೂವತ್ತೊಂದು ವರ್ಷ ಮೀಸೆ ಅಂಟಿಸಿದವಳೂ ಕಿತ್ತವಳೂ ಅವಳೇ. ಅವನ ಜೊತೆ ಬೀಳುತ್ತಿದ್ದ ಫೈಟರುಗಳೆಲ್ಲ ಅವಳನ್ನು ಕರೆಯುತ್ತಿದ್ದುದು ಅತ್ತಿಗೆ ಅಂತ. ಅತ್ತಿಗೆ ಸಿಟ್ಟಾದರೆ ಡಬ್ಬಿಯೊಳಗಿನ ಪೌಡರು ತಾನಾಗಿ ಮೇಲೆದ್ದು ಮೂಲೆ ಸೇರುತ್ತಿತ್ತು.

ಕಲಾವಿದರ ಸಂಘದವರು ಈ ವರ್ಷ ತೀರಿಕೊಂಡವರಿಗೆಲ್ಲ ಒಂದು ಶ್ರದ್ಧಾಂಜಲಿ ಸಭೆ ಇಟ್ಟರು. ಪ್ರತಿಯೊಬ್ಬರ ಮುಖವೂ ದೊಡ್ಡ ಪರದೆಯ ಮೇಲೆ ಬರುತ್ತದೆ, ಟೀವಿಯಲ್ಲೂ ಬರುತ್ತದೆ ಅಂತ ಪ್ರಚಾರ. ಸಭೆಯ ಹಿಂದಿನ ದಿನ ಅತ್ತಿಗೆ ಎಡಿಟಿಂಗ್ ರೂಮಿಗೇ ಹೋದಳು. ಬೀರುವಿನ ಗಾತ್ರದ ಕೋಣೆ, ಮೂರು ಟೀವಿ, ಆರಿದ ಏಳು ಟೀ ಲೋಟ, ನಡುವೆ ನಿದ್ದೆಗೆಟ್ಟ ಎಡಿಟರು.

"ನಮ್ಮೆಜಮಾನ್ರದ್ದು ಯಾವ ಸೀನ್ ಹಾಕಿದೀಯಪ್ಪಾ?"

ಎಡಿಟರು ತಲೆ ಕೆರೆದುಕೊಂಡ. "ಅಮ್ಮಾ, ಎಂಬತ್ತು ಪಿಕ್ಚರ್ ನೋಡ್ದೆ. ಮುಖಾನೇ ಸಿಗ್ತಿಲ್ಲ."

"ಮುಖ ಹೆಂಗೆ ಸಿಗತ್ತೆ? ಅವರು ಬೀಳೋರು!"

ಬೀಳುವವರ ಕಸುಬಿಗೆ ಒಂದೇ ನಿಯಮ: ಕ್ಯಾಮೆರಾಗೆ ಮುಖ ಕೊಡಬಾರದು. ಒಂದೇಟಿಗೆ ಸತ್ತವನು ಇನ್ನೊಂದು ಮೀಸೆ ಅಂಟಿಸಿಕೊಂಡು ಬಂದು ಮತ್ತೆ ಸಾಯಬೇಕು. ಮುಖ ಕಂಡರೆ ನೋಡುವವರು "ಈಗ ತಾನೇ ಸತ್ತನಲ್ಲ, ಮತ್ತೆ ಬಂದ!" ಅನ್ನುತ್ತಾರೆ. ಮುಖ ಕಾಣಿಸಿದ ಅಡ್ಡಕಸುಬಿಗಳನ್ನು ಮರುದಿನ ಯಾರೂ ಕರೆಯುತ್ತಿರಲಿಲ್ಲ. ದೊಪ್ಪಣ್ಣನನ್ನು ಮೂವತ್ತೊಂದು ವರ್ಷ ಕರೆದರು. ಬೆನ್ನು ತೋರಿಸಿಯೇ ಗಂಡಸು ಅನ್ನಿಸಿಕೊಂಡವನು ಲೋಕದಲ್ಲಿ ಅವನೊಬ್ಬನೇ.

"ಹಾಗಾದ್ರೆ ಫೋಟೋ ಕೊಡ್ತೀನಿ, ಹಾಕು."

"ಫೋಟೋ ಹಾಕೋ ಹಾಗಿಲ್ಲ, ಪಿಕ್ಚರಲ್ಲಿರೋ ಮುಖಾನೇ ಬೇಕು ಅಂದ್ರು ಕಾರ್ಯದರ್ಶಿಗಳು. ಸಿಗದೇ ಇರೋರಿಗೆಲ್ಲ ಸೇರಿ ಕೊನೇಲಿ ಒಂದು ಕಾರ್ಡು. 'ಮತ್ತು ಇತರರು' ಅಂತ."

ಅತ್ತಿಗೆಯ ಮೂಗಿನ ಹೊಳ್ಳೆಗಳು ಅರಳಿದವು. ಏಳು ಲೋಟಗಳೂ ಒಮ್ಮೆ ಗಡಗಡ ಅಂದವು.

"ಹಾಗಾದ್ರೆ ನಾನು ಇತರರ ಹೆಂಡ್ತಿನಾ?"

ಎಡಿಟರು ಕಾರ್ಯದರ್ಶಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟ. ಆ ಕಡೆಯಿಂದ ಕಾರ್ಯದರ್ಶಿ ಜೇನು ಸುರಿಸಿದ: "ನೋಡಮ್ಮಾ, ಸಿಡಿಲು ಸರ್ ತೀರ್ಕೊಂಡಿರೋ ವರ್ಷ ಇದು. ಅವರಿಗೇ ಆರು ನಿಮಿಷ ಬೇಕು. ಸ್ವಲ್ಪ ಅರ್ಥ ಮಾಡ್ಕೋ."

ಸಿಡಿಲು ಅಂದರೆ ದೊಡ್ಡ ಹೀರೋ. ಅವನು ಒಂದು ಗುದ್ದು ಕೊಟ್ಟರೆ ನಲವತ್ತು ಜನ ಉರುಳುತ್ತಿದ್ದರು. ಗುದ್ದು ಅವನದು, ಉರುಳುವ ಶ್ರಮ ನಲವತ್ತು ಜನರದು.

"ಅರ್ಥ ಆಯ್ತು," ಅಂದಳು ಅತ್ತಿಗೆ. "ಮೂವತ್ತೊಂದು ವರ್ಷ ಮುಖ ಮುಚ್ಕೋ ಅಂದ್ರಿ. ಮುಚ್ಕೊಂಡ್ರು. ಈಗ ಮುಖ ಎಲ್ಲಿ ಅಂತೀರಿ!" ಫೋನನ್ನು ಇಟ್ಟ ರಭಸಕ್ಕೆ ಅದು ಮೂರು ದಿನ ಮಾತಾಡಲಿಲ್ಲ.

ಮರುದಿನ ಮಧ್ಯಾಹ್ನ ಸಭೆ. ಮುಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿದ ಸಿಡಿಲಿನ ಮಗ. ಕಟ್ಟಕಡೆಯ ಸಾಲಿನಲ್ಲಿ ಫೈಟರುಗಳು, ಎಡಿಟರು ಕೂತಿದ್ದ ಪ್ರೊಜೆಕ್ಟರಿನ ಕೋಣೆಗೆ ಬೆನ್ನು ತಾಗಿಸಿಕೊಂಡು. ಅತ್ತಿಗೆ ನಟ್ಟನಡುವೆ ಕೂತಳು. ಆ ಕಾರ್ಡು ಬಂದ ತಕ್ಷಣ ಎಲ್ಲರ ಮುಂದೆಯೇ ಎದ್ದು ಹೊರಗೆ ಹೋಗುವುದು, ಇನ್ನು ಈ ಸಂಘದ ಮೆಟ್ಟಿಲು ತುಳಿಯದಿರುವುದು ಅಂತ ನಿಶ್ಚಯ ಮಾಡಿದ್ದಳು.

ದೀಪ ಆರಿತು. ಪರದೆಯ ಮೇಲೆ ಸಿಡಿಲು ಬಂದ. ಮೊದಲ ಗುದ್ದು. ಪಟ್ಟೆ ಬನಿಯನ್ನಿನವನೊಬ್ಬ ಗಾಳಿಯಲ್ಲಿ ಒಂದೂವರೆ ಸುತ್ತು ತಿರುಗಿ, ಮೊದಲು ಎಡಗೈ ನೆಲಕ್ಕೆ ಬಡಿದು, ಆಮೇಲೆ ಮೈ ಚೆಲ್ಲಿದ.

ಲೋಕದಲ್ಲಿ ಎಡಗೈ ಮೊದಲು ಬಡಿದು ಬೀಳುವವನು ಒಬ್ಬನೇ. ಆ ಕೈಗೆ ಎಷ್ಟು ಸಾವಿರ ಸಲ ಎಣ್ಣೆ ತಿಕ್ಕಿದ್ದಳೋ!

ಅತ್ತಿಗೆ ಎದ್ದೇ ನಿಂತಳು. "ಅದು ನಮ್ಮೆಜಮಾನ್ರು!"

ನಾನೂರು ತಲೆ ತಿರುಗಿದವು. "ಕೂತ್ಕೊಳ್ಳಮ್ಮ," ಅಂದ ಕಾರ್ಯದರ್ಶಿ.

ಪರದೆಯಲ್ಲಿ ಇನ್ನೊಬ್ಬ ಮೆಟ್ಟಿಲಿನಿಂದ ಉರುಳಿದ. "ಅದೂ ನಮ್ಮೆಜಮಾನ್ರೇ! ಆ ಗಡ್ಡ ಅಂಟಿಸಿದ್ದು ನಾನು!" ಕುದುರೆಯಿಂದ ಒಬ್ಬ ಬಿದ್ದ. "ಅದೂ! ಅವತ್ತು ಸೊಂಟ ಹಿಡ್ಕೊಂಡು ಹನ್ನೊಂದು ದಿನ ಮಲಗಿದ್ರು!"

ಆಗ ಒಂದು ವಿಚಿತ್ರ ನಡೆಯಿತು. ಸಭೆಯ ಕಣ್ಣುಗಳು ಸಿಡಿಲಿನ ಮುಖ ಬಿಟ್ಟು ಮೆಲ್ಲಗೆ ಕೆಳಗಿಳಿದು ನೆಲ ಹುಡುಕತೊಡಗಿದವು.

ಸಿಡಿಲಿನ ಮಗ ಕನ್ನಡಕ ತೆಗೆದ. "ಯಾರ್ರೀ ಈಯಮ್ಮ? ಇದು ನಮ್ಮಪ್ಪನ ಶ್ರದ್ಧಾಂಜಲಿ!"

"ನಿಮ್ಮಪ್ಪ ಹೊಡೆದದ್ದು ಯಾರಿಗಪ್ಪಾ? ಬರೀ ಗಾಳಿಗೆ ಗುದ್ದಿದ್ರೆ ಸಿಡಿಲು ಆಗ್ತಿದ್ರಾ? ಸೊಳ್ಳೆ ಓಡಿಸೋರು ಅಂತಿದ್ರು!"

ಯಾರೋ ಕಿಸಕ್ಕೆಂದರು. ಪರದೆಯಲ್ಲಿ ಒಬ್ಬ ಗಾಜು ಒಡೆದುಕೊಂಡು ಹೊರಗೆ ಹಾರಿದ. "ಅದೂ ನಮ್ಮೆಜ..."

"ಅತ್ತಿಗೇ," ಹಿಂದಿನ ಸಾಲಿನಿಂದ ಒಂದು ಸಣ್ಣ ಧ್ವನಿ. ಸೊಟ್ಟಮೂಗಿನ ಫೈಟರು ಅರ್ಧ ಎದ್ದಿದ್ದ. "ಅದು... ನಾನು."

ಅತ್ತಿಗೆ ತಿರುಗಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನೀನಾ? ಮತ್ತೆ ಇಷ್ಟು ಹೊತ್ತು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆಯಲ್ಲೋ! ಸತ್ತಿರೋದು ನನ್ನ ಗಂಡ. ನೀನು ಯಾವಾಗ ಬಾಯಿ ಸತ್ತೋನಾದೆ? ಕೂಗೋ!"

ಸೊಟ್ಟಮೂಗ ಗಂಟಲು ಸರಿಮಾಡಿಕೊಂಡ. ಮುಂದಿನವನು ಬಿದ್ದಾಗ ಕೂಗಿದ: "ಇದೂ ನಾನೇ!" ಪಕ್ಕದವನು ಎದ್ದ: "ಬಾವಿಗೆ ಬಿದ್ದೋನು ನಾನು!" "ಬೆಂಕಿ ಹತ್ತಿದ್ದು ನನಗೆ! ಹುಬ್ಬು ಇವತ್ತಿಗೂ ಬಂದಿಲ್ಲ!" ಕೊನೆಯ ಸಾಲು ಪೂರ್ತಿ ಎದ್ದು ನಿಂತಿತು. ಆ ಗದ್ದಲಕ್ಕೆ ಚಾವಣಿಯ ಫ್ಯಾನುಗಳು ಉಲ್ಟಾ ತಿರುಗಿದವು ಅಂತ ಕಣ್ಣಾರೆ ಕಂಡವರು ಹೇಳುತ್ತಾರೆ. ನಡುನಡುವೆ ಒಂದೂವರೆ ಸುತ್ತು ಕಂಡಾಗಲೆಲ್ಲ ನಾನೂರು ಜನರೂ ಒಟ್ಟಿಗೆ: "ದೊಪ್ಪಣ್ಣ!"

ಕೊನೆಯ ದೃಶ್ಯ. ಸಿಡಿಲು ಒಬ್ಬನೇ ಎದೆ ಸೆಟೆಸಿ ನಿಂತಿದ್ದ. ಅವನ ಕಾಲ ಬುಡದಲ್ಲಿ ಧೂಳು ಮೆತ್ತಿದ ಒಂದು ಅಗಲವಾದ ಬೆನ್ನು, ಪಕ್ಕದಲ್ಲಿ ಚಾಚಿದ ಎಡಗೈ.

ಚಿತ್ರ ಅಲ್ಲೇ ನಿಂತಿತು. ಹಿಂದಿನ ಕೋಣೆಯಿಂದ ಎಡಿಟರು ಅದನ್ನು ದೊಡ್ಡದು ಮಾಡುತ್ತಾ ಹೋದ. ಸಿಡಿಲಿನ ತಲೆ ಪರದೆಯಾಚೆ ಹೋಯಿತು, ಎದೆ ಹೋಯಿತು, ಬೂಟು ಹೋಯಿತು. ಗೋಡೆಯಿಂದ ಗೋಡೆಗೆ ಬೆನ್ನೊಂದೇ ಉಳಿಯಿತು.

"ಅಮ್ಮಾ," ಮೈಕಿನಲ್ಲಿ ಎಡಿಟರ ಧ್ವನಿ, "ಇವರೇ ತಾನೇ?"

"ಹೂಂ. ಅವರೇ."

"ಆಯ್ತು, ಆಫ್ ಮಾಡ್ರೀ!" ಕಾರ್ಯದರ್ಶಿ ಕೋಣೆಯ ಕಡೆ ಓಡಿದ. ಸೊಟ್ಟಮೂಗ, ಹುಬ್ಬಿಲ್ಲದವನು, ಬಾವಿಯವನು ಬಾಗಿಲಿಗೆ ಅಡ್ಡ ಕೂತರು. ಆ ಮೂವರನ್ನೂ ಬೀಳಿಸಬಲ್ಲವನು ಲೋಕದಲ್ಲಿ ಸಿಡಿಲೊಬ್ಬನೇ ಇದ್ದ, ಅವನೂ ಈಗ ಇರಲಿಲ್ಲ.

ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಅವಳ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ.

"ಅವರಿಗೆ ಆರು ನಿಮಿಷ ಕೊಟ್ರಲ್ಲ? ಈ ಬೆನ್ನನ್ನೂ ಆರು ನಿಮಿಷ ಹಾಗೇ ಇಡು ಮಗಾ. ನಾನು ನಿಂತಿದೀನಿ."