ಹೊಳೆಗೆ ಬೆನ್ನು ಹಾಕಿದ ಬೀದಿ

ಬೆಳಗಿನ ಬಸ್ಸು ಯಾತ್ರಿಕರನ್ನು ಇಳಿಸಿ ಹೋದ ಮೇಲೆ ಚೀಲದಕ್ಕ ಅಂಗಡಿಯ ಮುಂದೆ ನೀರು ಚಿಮುಕಿಸಿ, ಕಟ್ಟೆ ಒರೆಸಿ, ಗಿರಾಕಿಗಳ ದಾರಿ ನೋಡುತ್ತ ಕುಳಿತಳು. ಅವಳದು ಚೀಲ ಕಾಯುವ ಅಂಗಡಿ. ಬಂದವರು ಹೊಳೆಯಲ್ಲಿ ಮಿಂದು, ದೇವರ ದರ್ಶನ ಮುಗಿಸಿ ಬರುವ ತನಕ ಅವರ ಚೀಲ, ಚಪ್ಪಲಿ, ಫೋನುಗಳನ್ನು ನೋಡಿಕೊಳ್ಳಬೇಕು. ಗಂಡ ತೀರಿಕೊಂಡ ಮೇಲೆ ಈ ಅಂಗಡಿ ಸಿಕ್ಕಿದ್ದು ಭಾವನ ದಯೆಯಿಂದ. ಗಂಡನ ಅಣ್ಣನಾದ ಆತ ದೇವಸ್ಥಾನ ಸಮಿತಿಯ ಅಧ್ಯಕ್ಷ, ಬೀದಿಯ ಅಂಗಡಿಗಳೆಲ್ಲ ಸಮಿತಿಯವು. ಹಂಗಿನ ಅನ್ನವಾದರೂ ಅನ್ನವೇ ಎಂದುಕೊಂಡು ಅವಳು ದಿನ ದೂಡುತ್ತಿದ್ದಳು.

ಆ ಬೀದಿಯಲ್ಲಿ ಒಂದು ವಿಚಿತ್ರವಿತ್ತು. ಹೊಳೆ ಹಿತ್ತಲಿಗೆ ತಾಗಿಕೊಂಡೇ ಹರಿಯುತ್ತಿದ್ದರೂ ಒಂದು ಮನೆಯ ಕಿಟಕಿಯೂ ಆ ಕಡೆಗೆ ತೆರೆಯುತ್ತಿರಲಿಲ್ಲ. ಹಿಂದೆ ಇದ್ದ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ್ದರು. ಅಂಗಡಿಯ ಪಕ್ಕದ ಓಣಿಯ ತುದಿಯಲ್ಲಿ ಹೊಳೆಗೆ ಇಳಿಯುವ ಮೆಟ್ಟಿಲುಗಳಿದ್ದವು, ಊರಿನವರು ಯಾರೂ ಅಲ್ಲಿ ಇಳಿದು ಮೀಯುತ್ತಿರಲಿಲ್ಲ. ಕೇಳಿದರೆ, "ಮನೇಲಿ ಬಿಸಿನೀರು ಇದೆಯಲ್ಲ" ಎನ್ನುತ್ತಿದ್ದರು.

ನಿಜ ಏನೆಂದರೆ, ನೀರಿನೊಳಗೆ ಮೆಟ್ಟಿಲುಗಳು ಒಂದು ಕಡೆ ಥಟ್ಟನೆ ಮುಗಿದುಹೋಗುತ್ತಿದ್ದವು. ಅದರ ಕೆಳಗೆ ಹೊಳೆ ದಡವನ್ನು ಕೊರೆದು ಮಡು ಮಾಡಿಕೊಂಡಿತ್ತು. ಕಡೆಯ ಮೆಟ್ಟಿಲು ತಪ್ಪಿದವರನ್ನು ಅದು ಒಳಕ್ಕೆ ಎಳೆದುಕೊಂಡು, ತಿರುವು ದಾಟಿಸಿ, ಕೆಳಗಿನ ಊರಿನ ಸರಹದ್ದಿನಲ್ಲಿ ಮೇಲೆ ಬಿಡುತ್ತಿತ್ತು. ಹೆಣ ಸಿಕ್ಕಿದ್ದು ಅಲ್ಲಿ, ಆದ್ದರಿಂದ ಸತ್ತಿದ್ದೂ ಅಲ್ಲಿ. ಈ ಊರಲ್ಲಿ ಯಾರೂ ಮುಳುಗಿಲ್ಲ ಎಂದು ಭಾವ ಎದೆ ತಟ್ಟಿ ಹೇಳಬಲ್ಲವನಾಗಿದ್ದ. ಸಂಜೆಯಾದರೂ ಯಾರೂ ಕೇಳಿಕೊಂಡು ಬರದ ಚೀಲವಿದ್ದರೆ ಅವನೇ ಬಂದು, ಮಾತಿಲ್ಲದೆ ಎತ್ತಿಕೊಂಡು ಹೋಗುತ್ತಿದ್ದ. ಚೀಲದಕ್ಕನೂ ಮಾತಿಲ್ಲದೆ ಕೊಡುತ್ತಿದ್ದಳು.

ಅಂದು ಕಟ್ಟೆಯ ಮುಂದೆ ಬಂದು ನಿಂತವಳು ಒಬ್ಬಂಟಿ ಹುಡುಗಿ. ಬೆನ್ನ ಮೇಲಿನ ಚೀಲ ಅವಳ ತಲೆಗಿಂತ ಎತ್ತರವಿತ್ತು. ಊರೂರು ಸುತ್ತುವವಳೆಂದು ಬೂಟಿನ ಧೂಳೇ ಹೇಳುತ್ತಿತ್ತು.

"ಏನಮ್ಮ ಇದು, ಮನೇನೇ ಹೊತ್ಕೊಂಡು ಬಂದಿದ್ದೀಯ?" ಎಂದಳು ಚೀಲದಕ್ಕ.

"ಅಮ್ಮನ್ನ ಬಿಟ್ಟು ಮಿಕ್ಕಿದ್ದೆಲ್ಲ ತುಂಬಿದೀನಿ ಅಕ್ಕ. ಅವ್ರು ಫೋನಲ್ಲಿ ಇರ್ತಾರೆ" ಎಂದು ಹುಡುಗಿ ನಕ್ಕಳು. ಚೀಲ ಇಳಿಸಿ, ಭುಜ ತಿಕ್ಕಿಕೊಳ್ಳುತ್ತ ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. "ನಿಮ್ಮೂರು ಒಂಥರಾ ಇದೆ. ಎಲ್ರೂ ತುಂಬಾ ಒಳ್ಳೆಯವ್ರು. ಹೊಳೆಗೆ ದಾರಿ ಯಾವುದು ಅಂದ್ರೆ ಎದ್ದು ಬಂದು ತೋರಿಸ್ತಾರೆ. ಆದ್ರೆ ಯಾರೂ ಮುಖ ನೋಡಲ್ಲ."

ಚೀಲದಕ್ಕ ಚೀಲಕ್ಕೆ ನಂಬರಿನ ಬಿಲ್ಲೆ ಕಟ್ಟುವುದರಲ್ಲೇ ಮಗ್ನಳಾದಳು. ಜೋಡಿ ಬಿಲ್ಲೆಯನ್ನು ಹುಡುಗಿಯ ಅಂಗೈಗೆ ಹಾಕಿದಳು.

"ನೀರು ಹೇಗಿದೆ ಅಕ್ಕ?"

"ತಣ್ಣಗಿದೆ."

ಸುಳ್ಳೇನೂ ಅಲ್ಲ. ಹುಡುಗಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಓಣಿಯೊಳಗೆ ತಿರುಗಿದಳು. ಅವಳು ಮರೆಯಾದೊಡನೆ ಎದುರಿನ ಟೀ ಅಂಗಡಿಯವನು ರೇಡಿಯೊದ ದನಿ ಏರಿಸಿದ. ಲಾಡ್ಜಿನ ಮ್ಯಾನೇಜರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಯಾರಾದರೂ ಒಂಟಿಯಾಗಿ ಹೊಳೆಗೆ ಇಳಿದಾಗಲೆಲ್ಲ ಬೀದಿ ಹೀಗೆಯೇ ನಡೆದುಕೊಳ್ಳುತ್ತಿತ್ತು. ಯಾರೂ ಕಲಿಸಿಕೊಟ್ಟಿದ್ದಲ್ಲ, ಹಾಗೇ ಮೈಗೂಡಿತ್ತು.

ಆಗ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಬಟ್ಟೆಗಳ ಅಡಿಯಿಂದ, ಮುಚ್ಚಿದ ಬಾಯಿಯಿಂದ ಯಾರೋ ಕೂಗಿದಂತಿತ್ತು ಆ ಸದ್ದು. ನಿಂತಿತು. ಮತ್ತೆ ಶುರುವಾಯಿತು.

ಈ ಸದ್ದು ಚೀಲದಕ್ಕನಿಗೆ ಹೊಸದಲ್ಲ. ವಾರಸುದಾರರಿಲ್ಲದ ಚೀಲಗಳಲ್ಲಿ ಫೋನುಗಳು ಚಾರ್ಜು ಮುಗಿಯುವವರೆಗೆ ಹೀಗೇ ಒರಲುತ್ತವೆ. ಅಂಥ ಹೊತ್ತಿನಲ್ಲಿ ಅವಳು ಚೀಲದ ಮೇಲೆ ಕಂಬಳಿ ಹೊದಿಸುತ್ತಿದ್ದಳು. ಇವತ್ತೂ ಕೈ ತಾನಾಗಿ ಕಂಬಳಿಗೆ ಹೋಯಿತು. ಆದರೆ ಇವತ್ತಿನ ಫೋನಿನ ಒಡತಿ ಇನ್ನೂ ಬದುಕಿದ್ದಾಳೆ, ಈಗ ಮೆಟ್ಟಿಲು ಇಳಿಯುತ್ತಿರಬಹುದು. ಹುಡುಗಿಯ ಮುಖ ನೆನಪು ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ. ಬೂಟು ನೆನಪಿತ್ತು, ಬಿಲ್ಲೆ ಹಿಡಿದ ಅಂಗೈ ನೆನಪಿತ್ತು, ಮುಖ ಮಾತ್ರ ಇರಲಿಲ್ಲ. ಇಷ್ಟು ಹೊತ್ತು ಎದುರೆದುರು ನಿಂತು ಮಾತಾಡಿ ತಾನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಹಿಂದಿನವರ ಮುಖಗಳೂ ಅವಳಿಗೆ ಗೊತ್ತಿರಲಿಲ್ಲ. ಚೀಲದಕ್ಕನಿಗೆ ತನ್ನ ಬಗ್ಗೆಯೇ ಭಯವಾಯಿತು.

ಅವಳು ಚೀಲದ ಜಿಪ್ಪು ಎಳೆದು ಫೋನು ಕಿವಿಗಿಟ್ಟುಕೊಂಡಳು.

"ಎಷ್ಟು ಸಲ ಮಾಡೋದೇ?" ಎಂದಿತು ಒಂದು ಹೆಂಗಸಿನ ದನಿ. "ತಿಂಡಿ ತಿಂದ್ಯಾ?"

"ನಾನು ಅವಳಲ್ಲಮ್ಮ. ಚೀಲ ಕಾಯೋಳು."

"ಓ, ಹೌದಾ. ಅವಳೆಲ್ಲಿ?"

"ಹೊಳೆಗೆ ಹೋಗಿದಾಳೆ."

"ನೀರು ಕಂಡ್ರೆ ಸಾಕು, ಕಪ್ಪೆ ಹಾಗೆ ಹಾರ್ತಾಳೆ. ಈಜು ಚೆನ್ನಾಗಿ ಬರುತ್ತೆ, ಆದ್ರೂ ತಾಯಿ ಕರುಳು ಕೇಳಲ್ಲ ನೋಡಿ. ಅಲ್ಲಿ ಭಯ ಏನಿಲ್ಲ ಅಲ್ವಾ?"

ಬೀದಿಯಲ್ಲಿ ರೇಡಿಯೊ ಹಾಡುತ್ತಿತ್ತು. ಇದೊಂದು ಪ್ರಶ್ನೆಯನ್ನು ಯಾರೂ ಅವಳಿಗೆ ಇಷ್ಟು ನೇರವಾಗಿ ಕೇಳಿರಲಿಲ್ಲ. ಚೀಲದಕ್ಕ ಫೋನನ್ನು ಕಟ್ಟೆಯ ಮೇಲಿಟ್ಟು, ಅಂಗಡಿಯನ್ನು ಹಾಗೇ ಬಿಟ್ಟು ಓಣಿಯೊಳಗೆ ಓಡಿದಳು.

ಅಂಗಡಿಗೆ ಕೂತ ಮೇಲೆ ಅವಳು ಆ ಓಣಿಗೆ ಕಾಲಿಟ್ಟಿರಲಿಲ್ಲ. ಎರಡೂ ಕಡೆ ಗಾರೆ ಮೆತ್ತಿದ ಗೋಡೆಗಳು, ಮಧ್ಯೆ ಪಾಚಿಯ ವಾಸನೆ. ಹೊಳೆ ಅಲೆಯಿಲ್ಲದೆ, ಕಾಸಿ ಆರಿಸಿದ ಎಣ್ಣೆಯಂತೆ ನಿಂತಿತ್ತು. ಮೇಲಿನ ಮೆಟ್ಟಿಲುಗಳಲ್ಲಿ ನಾಲ್ಕಾರು ಯಾತ್ರಿಕರು ಕೈಕಾಲು ತೊಳೆಯುತ್ತಿದ್ದರು. ಹುಡುಗಿ ಮಾತ್ರ ಎದೆಮಟ್ಟದ ನೀರಿನಲ್ಲಿ, ಆಚೆ ದಡಕ್ಕೆ ಮುಖ ಮಾಡಿ, ಒಂದು ಕಾಲು ಮುಂದಿಟ್ಟು ಮುಂದಿನ ಮೆಟ್ಟಿಲನ್ನು ಹುಡುಕುತ್ತಿದ್ದಳು.

"ಮೆಟ್ಟಿಲು ಮುಗೀತಮ್ಮ" ಎಂದು ಚೀಲದಕ್ಕ ಕೂಗಿದಳು. "ಅಲ್ಲಿಗೇ ಮುಗೀತು. ಹಿಂದೆ ಬಾ. ನೀವೂ ಎಲ್ಲ ಮೇಲೆ ಬನ್ನಿ. ಇಲ್ಲಿ ಜನ ಸತ್ತಿದಾರೆ."

ಹುಡುಗಿ ತಿರುಗಿದಳು. ತಿರುಗುವಾಗ ಮುಂದಿಟ್ಟ ಕಾಲಿನ ಕೆಳಗೆ ಏನೂ ಇರಲಿಲ್ಲ. ಗದ್ದದ ತನಕ ನೀರಿಗಿಳಿದುಹೋದವಳು ಎರಡೂ ಕೈಯಲ್ಲಿ ಹಿಂದಿನ ಮೆಟ್ಟಿಲಿನ ಅಂಚನ್ನು ತಬ್ಬಿ ಹಿಡಿದಳು. ಚೀಲದಕ್ಕ ಸೊಂಟದವರೆಗೆ ಇಳಿದು ಅವಳ ರಟ್ಟೆ ಹಿಡಿದಳು, ಹಿಂದಿನಿಂದ ಯಾತ್ರಿಕರಿಬ್ಬರು ಚೀಲದಕ್ಕನನ್ನು ಹಿಡಿದರು. ಎಲ್ಲ ಸೇರಿ ಎಳೆದರು.

ಮೇಲೆ ಬಂದ ಹುಡುಗಿಯ ತುಟಿ ನೀಲಿಗಟ್ಟಿತ್ತು. "ಈಜಕ್ಕೇ ಆಗಲ್ಲ ಅಕ್ಕ. ಯಾರೋ ಮೆತ್ತಗೆ ಕಾಲು ಹಿಡಿದು ಒಳಗೆ ಕರೆದ ಹಾಗಿತ್ತು" ಎಂದಳು. ಟವೆಲ್ಲು ಹೊದ್ದುಕೊಳ್ಳುತ್ತ, "ಇಷ್ಟು ಜನ ದಾರಿ ತೋರಿಸಿದ್ರಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಚೀಲದಕ್ಕ ಈಗ ಅವಳ ಮುಖವನ್ನೇ ನೋಡುತ್ತಿದ್ದಳು. ಎಡಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆಯಿತ್ತು.

ಹುಡುಗಿ ಅಮ್ಮನಿಗೆ ಫೋನು ಮಾಡಿ ಅತ್ತು, ಬಂದ ಬಸ್ಸು ಹತ್ತಿ ಹೋದಳು. ಸುದ್ದಿ ಭಾವನ ಕಿವಿಗೆ ಬೀಳಲು ಬಹಳ ಹೊತ್ತು ಬೇಕಾಗಲಿಲ್ಲ. ಬಂದವನು ಕೂಗಾಡಲಿಲ್ಲ. ಅವನ ಮೆಲುದನಿಗೇ ಊರು ಹೆದರುತ್ತಿತ್ತು.

"ರಸ್ತೇಲೂ ಸಾಯ್ತಾರೆ. ಹಾಗಂತ ಬಸ್ಸು ನಿಲ್ಲಿಸ್ತಾರಾ? ಈ ಮೆಟ್ಟಿಲು ನಂಬ್ಕೊಂಡು ಇಡೀ ಬೀದಿ ಒಲೆ ಉರೀತಿದೆ. ನಿನ್ನ ಒಲೆನೂ ಸೇರಿ. ಜನ ಬೀದಿ ಬಿಟ್ಟು ಆಚೆಗಿರೋ ಮೇಲಿನ ದಡಕ್ಕೆ ಹೋಗಿಬಿಟ್ರೆ ನಾವು ನೊಣ ಹೊಡ್ಕೊಂಡು ಕೂರ್ಬೇಕು."

"ಅಲ್ಲಿ ಮೊಣಕಾಲು ನೀರು, ಭಾವ. ಮಕ್ಕಳೂ ಇಳೀಬಹುದು."

"ಪುಣ್ಯ ಇರೋದು ಇಲ್ಲಿ. ಇಲ್ಲಿ ಹೋದೋರಿಗೆ ಮೋಕ್ಷ ಅಂತ ಹಿರೀಕರೇ ಹೇಳಿದಾರೆ."

"ಮೋಕ್ಷ ಅಷ್ಟು ಸಲೀಸಾಗಿ ಸಿಗೋದಾದ್ರೆ ನಮ್ಮ ಮನೆತನದೋರು ಒಬ್ಬರಾದ್ರೂ ಇಳೀಬೇಕಿತ್ತಲ್ಲ."

ಭಾವ ಕಟ್ಟೆಯ ಮೇಲೆ ಕುಳಿತ. "ನಾನು ಯಾರನ್ನೂ ತಳ್ಳಿಲ್ಲ. ಹೋಗಿ ಅಂತ ಒಬ್ಬರಿಗೂ ಈ ಬಾಯಲ್ಲಿ ಹೇಳಿಲ್ಲ."

"ಬೇಡ ಅಂತಾನೂ ಹೇಳಿಲ್ಲ. ನಾನೂ ಹೇಳಿರಲಿಲ್ಲ."

"ಬೆಳಿಗ್ಗೆ ಬರ್ತೀನಿ. ಬೀಗದ ಕೈ ಕೊಟ್ಟುಬಿಡು" ಎಂದು ಅವನು ಎದ್ದು ಹೋದ. ಚೀಲದಕ್ಕನಿಗೆ ಅಳು ಬಂತು. ನಾಳೆಯಿಂದ ಹೊಟ್ಟೆಗೇನು ಎಂಬ ಚಿಂತೆ ಸಣ್ಣದಲ್ಲ.

ಮರುದಿನ ಬಸ್ಸು ಬರುವ ಹೊತ್ತಿಗೆ ಭಾವ ಕಟ್ಟೆಯ ಮುಂದೆ ನಿಂತಿದ್ದ. ಬಸ್ಸಿಳಿದ ಗಂಡಸೊಬ್ಬ ಪುಟ್ಟ ಮಗಳ ಕೈ ಹಿಡಿದುಕೊಂಡು ನೇರವಾಗಿ ಅವನ ಹತ್ತಿರ ಬಂದ. ನೆಟ್ಟಗೆ ನಿಂತ ಹಿರಿಯನನ್ನು ಕಂಡರೆ ಯಾರಾದರೂ ಅವನನ್ನೇ ಕೇಳುತ್ತಾರೆ.

"ಯಜಮಾನ್ರೇ, ಹೊಳೆಗೆ ಈ ಕಡೆಯಿಂದ ಇಳಿಬಹುದಾ? ಮಗು ಜೊತೇಲಿದೆ."

ಭಾವ ಅಭ್ಯಾಸಬಲದಿಂದ ಚೀಲದಕ್ಕನ ಕಡೆ ತಿರುಗಿದ. ಇಷ್ಟು ವರ್ಷ ದಾರಿ ಕೇಳಿದವರಿಗೆ ಉತ್ತರ ಕೊಡುತ್ತಿದ್ದವರು ಅಂಗಡಿಯವರು. ಚೀಲದಕ್ಕ ಎದ್ದು ಹೋಗಿ ಓಣಿಯ ಬಾಯಿಗೆ ಅಡ್ಡವಾಗಿ ನಿಂತಳು. ಮಗುವನ್ನಂತೂ ಅವಳು ಬಿಡುತ್ತಿರಲಿಲ್ಲ. ಉತ್ತರವನ್ನು ಮಾತ್ರ ಭಾವನಿಗೇ ಬಿಟ್ಟಳು.

ಟೀ ಅಂಗಡಿಯವನ ಕೈ ರೇಡಿಯೊದ ಗುಂಡಿಯ ಮೇಲಿತ್ತು, ತಿರುಗಿಸಲಿಲ್ಲ. ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ ಗೋಡೆಗಳಾಚೆ ಹೊಳೆ ಹರಿಯುವುದು ಮೊದಲ ಸಲ ಎಲ್ಲರಿಗೂ ಕೇಳಿಸಿತು.

ಮಗು ಅಪ್ಪನ ಕೈ ಬಿಡಿಸಿಕೊಂಡು ಭಾವನ ಮುಂದೆ ಬಂದು, ಕತ್ತೆತ್ತಿ ಅವನ ಮುಖ ನೋಡಿತು.

"ತಾತ, ಹೋಗ್ಲಾ?"

ಭಾವ ಮಗುವನ್ನು ನೋಡಿದ. ನೋಡುತ್ತಲೇ ನಿಂತ.

"ಬೇಡ ಮಗ" ಎಂದ. ದನಿ ಒಡೆದಿತ್ತು. "ಇಲ್ಲಿ ಬೇಡ. ಮೇಲಿನ ದಡಕ್ಕೆ ಹೋಗಿ. ಇಲ್ಲಿ ಮಡು ಇದೆ."

"ಹೌದಾ? ಹೇಳಿದ್ದು ಒಳ್ಳೇದಾಯ್ತು" ಎಂದ ಆ ತಂದೆ, ಸಹಜವಾಗಿ. "ಚೀಲ ಇಲ್ಲೇ ಇಟ್ಟು ಹೋಗಬಹುದಲ್ವಾ? ಬರ್ತಾ ಟೀ ಕುಡಿದು ತಗೋತೀವಿ." ಚೀಲವನ್ನು ಕಟ್ಟೆಯ ಮೇಲಿಟ್ಟು, ಮಗಳನ್ನು ಎತ್ತಿಕೊಂಡು, ಮೇಲಿನ ದಡದ ದಾರಿ ಹಿಡಿದ.

ಭಾವ ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಆ ಚೀಲದ ಪಕ್ಕದಲ್ಲಿ ಕುಸಿದು ಕುಳಿತ. ಬೀಗದ ಕೈ ಕೇಳಲಿಲ್ಲ.

"ಇಷ್ಟೇನಾ?" ಎಂದ. "ಇಷ್ಟೇನಾ ನಾವು ಹೇಳಬೇಕಾಗಿದ್ದು?"

"ಇಷ್ಟೇ, ಭಾವ" ಎಂದಳು ಚೀಲದಕ್ಕ.