ಹಿಂದಕ್ಕೆ ಬಂದ ಹೆಬ್ಬಾತು

ಸತತ ಮೂರನೆಯ ದಿನವೂ ಆ ಒಂದು ಹೆಬ್ಬಾತು ಹೊರಟ ಜಾಗಕ್ಕೇ ವಾಪಸು ಬಂದು ಕೂತಿತ್ತು.

ಹಕ್ಕಿಗಳ ವಲಸೆ ಐದು ವರ್ಷದ ಮಕ್ಕಳಿಗೆ ಬರೀ ಬಾಯಿಮಾತಲ್ಲಿ ತಿಳಿಯುವಂಥದ್ದಲ್ಲ ಎಂದು ಮಿಸ್ ಗೋಡೆಯ ತುಂಬ ಕಾಗದದ ನಕ್ಷೆ ಅಂಟಿಸಿದ್ದರು. ಮೇಲೆ ಹಿಮದ ನಾಡು, ನಡುವೆ ಬೆಟ್ಟ, ಮರಳುಗಾಡು, ಕೆಳಗೆ ಬೆಚ್ಚನೆಯ ಕೆರೆ. ಮಗುವಿಗೊಂದರಂತೆ ಇಪ್ಪತ್ತೆರಡು ಕಾಗದದ ಹೆಬ್ಬಾತುಗಳು. ಪಾಠ ಮುಗಿದ ಮೇಲೆ ದಿನಕ್ಕೊಂದು ಗೇಣು ಕೆಳಗಿಳಿಯಬೇಕು. ಅವುಗಳಲ್ಲಿ ಇಪ್ಪತ್ತೊಂದು ಆಗಲೇ ಬೆಟ್ಟ ದಾಟಿದ್ದವು. ಹೊಸದಾಗಿ ಸೇರಿದ ಹುಡುಗಿಯದು ಮಾತ್ರ ಮರುದಿನ ನೋಡಿದರೆ ಮತ್ತೆ ಹಿಮದಲ್ಲಿ.

ಕೋಣೆಯ ಬೀಗದ ಕೈ ಇದ್ದದ್ದು ಆಯಾ ಬಳಿ. ಅವಳು ತಡವಾಗಿ ಬರುತ್ತಾಳೆಂದು ಹೋದ ತಿಂಗಳು ಹೆಡ್‌ಮಿಸ್ ಕಿವಿಗೆ ಹಾಕಿದ್ದವರು ಇದೇ ಮಿಸ್. ಅಂದಿನಿಂದ ಆಯಾ ಎದುರು ಸಿಕ್ಕರೂ ನಗುವಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ. ಆ ಸೇಡು ಹೀಗೆ ತೀರಿಸಿಕೊಳ್ಳುತ್ತಿದ್ದಾಳೆ ಎಂದು ಮಿಸ್‌ಗೆ ಅನ್ನಿಸಿದ್ದೇ ತಡ, ಎಲ್ಲದಕ್ಕೂ ಅರ್ಥ ಹುಟ್ಟತೊಡಗಿತು. ಪೆನ್ಸಿಲ್ ಡಬ್ಬಿ ಜಾಗ ಬದಲಿಸಿದ್ದು, ಪಾಠದ ನಡುವೆ ಆಯಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದು. ನೇರವಾಗಿ ಕೇಳಿದಾಗ ಆಯಾ ಪೊರಕೆ ನೋಡಿಕೊಂಡು ತನಗೇನೂ ಗೊತ್ತಿಲ್ಲ ಎಂದಳು. ಆ ನೋಟವೇ ಮಿಸ್‌ಗೆ ಸಾಕಾಯಿತು. ಮಧ್ಯಾಹ್ನವೇ ದೂರು ಹೋಯಿತು. ಸೋಮವಾರದಿಂದ ಆಯಾಳನ್ನು ಹಿಂದಿನ ಕಟ್ಟಡದ ಶೌಚಾಲಯ ತೊಳೆಯಲು ಹಾಕುವುದೆಂದು ತೀರ್ಮಾನವೂ ಆಯಿತು.

ಆದರೂ ಕಣ್ಣಾರೆ ಕಾಣದೆ ಮಿಸ್‌ಗೆ ಸಮಾಧಾನವಿಲ್ಲ. ಮರುದಿನ ಬೆಲ್ಲು ಹೊಡೆಯುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಬಂದು ಕಿಟಕಿಯ ಪಕ್ಕ ನಿಂತು ಒಳಗೆ ಇಣುಕಿದರು. ಕೆಲಸಕ್ಕೆ ಹೋಗುವ ಅಪ್ಪ ಬೇಗ ಬಿಟ್ಟುಹೋಗುತ್ತಿದ್ದ ಆ ಹೊಸ ಹುಡುಗಿಯನ್ನು ಆಯಾ ಸೊಂಟ ಹಿಡಿದು ಮೇಲೆತ್ತಿದ್ದಳು. ಹುಡುಗಿ ನಾಲಿಗೆ ಕಚ್ಚಿಕೊಂಡು ತನ್ನ ಹೆಬ್ಬಾತನ್ನು ಹಿಮಕ್ಕೆ ಅಂಟಿಸುತ್ತಿದ್ದಳು.

ಮಿಸ್ ಒಳಗೆ ಬಂದದ್ದೇ ಹುಡುಗಿ ಇಳಿದು ಆಯಾಳ ಬೆನ್ನಿಗೆ ಅವಿತಳು.

“ಇದು ಇವಳಿಗೆ ಮೂರನೇ ಸ್ಕೂಲು ಮಿಸ್,” ಎಂದಳು ಆಯಾ. “ಅಪ್ಪನ ಕೆಲಸ ಎಲ್ಲಿಗೋ ಅಲ್ಲಿಗೆ ಗಂಟುಮೂಟೆ. ನನ್ ಹಕ್ಕಿ ಮನೇಲೇ ಇರ್ಲಿ ಅಂದ್ಲು. ಎತ್ತಿದೆ.”

“ನಂಗೊಂದು ಮಾತು ಹೇಳೋಕಾಗ್ತಿರ್ಲಿಲ್ವಾ?”

“ಹೇಳಿದ್ರೆ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ಯಾಕೆ ಅಂತ ಕೇಳ್ತಿದ್ರಿ.”

ಇಲ್ಲ ಎನ್ನಲು ಮಿಸ್ ಬಾಯಿ ತೆರೆದರು. ಕೇಳುತ್ತಿದ್ದದ್ದು ನಿಜ. ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಹಿಗ್ಗಿಯೂ ಬಿಡುತ್ತಿದ್ದರು.

ಮಿಸ್ ದೂರು ವಾಪಸು ಪಡೆಯಲು ಹೋದಾಗ, ನಿನ್ನೆ ಹೌದೆಂದವರು ಇವತ್ತು ಅಲ್ಲವೆಂದರೆ ಹೇಗೆ ಎಂದು ಹೆಡ್‌ಮಿಸ್ ಕನ್ನಡಕದ ಮೇಲಿಂದ ನೋಡಿದರು. ತಪ್ಪು ಯಾರದೆಂದು ಬರೆದುಕೊಟ್ಟರೆ ಆಯಾ ಇದ್ದಲ್ಲೇ ಇರಲಿ ಎಂದರು. ಬರೆಯಲು ಹೊರಗೆ ಇದ್ದದ್ದು ಮಕ್ಕಳ ಗಿಡ್ಡ ಬೆಂಚು. ಮಂಡಿ ಎದೆಗೆ ತಾಗುವಂತೆ ಕೂತು ಮಿಸ್ ಎರಡು ಸಾಲು ಬರೆದರು. ತಪ್ಪು ತನ್ನದು ಎನ್ನಬೇಕಾದ ಮೂರನೆಯದರಲ್ಲಿ ಪೆನ್ನು ನಿಂತಿತು.

ನೆಲ ಒರೆಸುತ್ತ ಆಯಾ ಹತ್ತಿರ ಬಂದಳು. ಕಾಗದದತ್ತ ನೋಡಲಿಲ್ಲ.

“ಸ್ವಲ್ಪ ಕಾಲೆತ್ತಿ ಮಿಸ್.”

ಮಿಸ್ ಎರಡೂ ಕಾಲು ಎತ್ತಿ ಹಿಡಿದರು. ನೆಲ ಒಣಗುವವರೆಗೂ ಇಳಿಸಲಿಲ್ಲ.