ಆಸೀಮನ ವಕಾಲತ್ತುಗಳು

ಸಿವಿಲ್ ನ್ಯಾಯಾಧೀಶರ ಆಯ್ಕೆಪಟ್ಟಿ ಬಂದಾಗ ಶಿವಕುಮಾರಿ ಲಿಂಗಸುಗೂರಿನ ಕೋರ್ಟಿನಲ್ಲಿ ಒಂದು ಪಾಟೀಸವಾಲು ಮುಗಿಸಿ ಹೊರಬಂದಿದ್ದಳು. ಮೊಬೈಲಿನಲ್ಲಿ ಎರಡು ಸಲ ನೋಡಿದಳು. ಅವಳ ನಂಬರ್ ಇರಲಿಲ್ಲ. ಅವಳ ಜೂನಿಯರ್ ಆಸೀಮನದು ಇತ್ತು.

ಇದು ನಾಲ್ಕನೆಯ ಸಲ. ಲಿಖಿತ ಪರೀಕ್ಷೆಗಳನ್ನು ಪ್ರತಿಸಲವೂ ದಾಟಿ ಸಂದರ್ಶನದಲ್ಲೇ ಉಳಿದುಹೋಗುತ್ತಿದ್ದಳು. ಅವಳ ಮೀಸಲು ವರ್ಗಕ್ಕೆ ಮೂವತ್ತೆಂಟು ವಯಸ್ಸಿನವರೆಗೆ ಅವಕಾಶ. ಹೋದ ತಿಂಗಳು ಅದೂ ದಾಟಿತ್ತು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ತನ್ನೂರು ಮಸ್ಕಿಯ ಬಸ್ಸು ಬಂತು, ಹತ್ತಿ ಕೂತಳು.

ನ್ಯಾಯಾಧೀಶನಾಗಲು ಮೂರು ವರ್ಷದ ವಕೀಲಿಕೆ ಬೇಕೆಂದು ಆಸೀಮ್ ಅವಳ ಕೈಕೆಳಗೆ ಸೇರಿದ್ದ. ಸಿಂಧನೂರಿಗೆ ಹೋಗಿಬರುವ ದಾರಿಯಲ್ಲಿ ಅವನಿಗೆ ತೀರ್ಪು ಬರೆಯುವುದನ್ನು ಹೇಳಿಕೊಟ್ಟವಳು ಅವಳೇ.

ಸಂಜೆ ಅವನು ತಾಯಿ ಸುಭಾನಬಿಯನ್ನು ಕರೆದುಕೊಂಡು, ಪೇಡೆಯ ಡಬ್ಬಿ ಹಿಡಿದು ಮನೆಗೆ ಬಂದ.

"ಅಕ್ಕಾರ, ನಿಮ್ಮನ್ನ ಬಿಟ್ಟು ನಂದಷ್ಟ ಆಗೇತ್ರಿ. ಹೆಂಗ ಮಾರಿ ತೋರಸ್ಲಿ?"

"ಬಂದೀಯಲ್ಲ, ಕುಂದ್ರು."

ಪೇಡೆ ಬಾಯಲ್ಲಿ ಕರಗಿತು, ಸಿಹಿ ಎನ್ನಿಸಲಿಲ್ಲ.

"ನಿನ್ನ ಕಡೆ ಎಷ್ಟು ಕೇಸ್ ಅದಾವ?" ಎಂದು ಕೇಳಿದಳು.

"ಹದಿನಾರ್ರಿ."

"ನೇಮಕದ ಆರ್ಡರ್ ಬರೂದ್ರೊಳಗ ಎಲ್ಲಾ ಬಿಡಬೇಕಾಗ್ತದ. ಕಕ್ಷಿದಾರರಿಗೆ ನೀನ ಹೇಳು. ಒಪ್ಪಿದವರ ಫೈಲ್ ನನಗ ತಂದುಕೊಡು."

ಆಸೀಮ್ ಅತ್ತುಬಿಟ್ಟ. ಸುಭಾನಬಿ ಮಗನ ಬೆನ್ನು ಸವರಿದಳು. ದೂರದ ಯಾರದೋ ಮನೆಯಲ್ಲಿ ನಡೆಯುತ್ತಿದೆ ಎನ್ನುವಂತೆ ಶಿವಕುಮಾರಿ ನೋಡುತ್ತ ಕೂತಳು.

ಸೋಮವಾರ ಸಿಂಧನೂರಿನ ಕೋರ್ಟಿನಲ್ಲಿ ಆಸೀಮನ ಕಕ್ಷಿದಾರಳಾಗಿದ್ದ ಮುಕ್ಕುಂದ ಊರಿನ ಮುದುಕಮ್ಮ ಶಿವಕುಮಾರಿಯ ಹೆಸರಿನ ಹೊಸ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದಳು. ತವರಿನ ಗದ್ದೆಯಲ್ಲಿ ಪಾಲು ಕೇಳಿ ಅಣ್ಣತಮ್ಮಂದಿರ ಮೇಲೆ ಹೂಡಿದ ದಾವೆ.

"ಆಸೀಮ್ ಸಾಹೇಬ್ರು ಜಡ್ಜ್ ಆದ್ರಂತ. ನೀವ್ಯಾವಾಗ ಆಗ್ತೀರಿ, ವಕೀಲಮ್ಮಾ?"

"ನಾ ಆಗಂಗಿಲ್ಲ ಯವ್ವಾ. ವಯಸ್ಸು ಮುಗೀತು."

"ನನಗ ಎಪ್ಪತ್ತಾತು. ಪಾಲು ಕೇಳೂದು ಬಿಟ್ಟೀನೇನು?"

ಶಿವಕುಮಾರಿ ವಕಾಲತ್ತನ್ನು ಫೈಲಿನಲ್ಲಿಟ್ಟಳು. ಅಷ್ಟರಲ್ಲಿ ಕೇಸಿನ ನಂಬರ್ ಕೂಗಿದರು. ಎದುರು ವಕೀಲರು ಎಂದಿನಂತೆ ವಿಚಾರಣೆ ಮುಂದೂಡಲು ವಾಯಿದೆ ಕೇಳಿದರು.

"ಆಕ್ಷೇಪವಿದೆ. ನನ್ನ ಕಕ್ಷಿದಾರರಿಗೆ ಎಪ್ಪತ್ತು ವರ್ಷ. ಸಾಕ್ಷಿ ಹೇಳಲು ಹಾಜರಿದ್ದಾರೆ."

ಆ ದನಿ ತನ್ನದೇ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು. ನ್ಯಾಯಾಧೀಶರು ಒಪ್ಪಿ ತಲೆಯಾಡಿಸಿದರು. ಮುದುಕಮ್ಮ ಸೆರಗು ಸರಿಮಾಡಿಕೊಂಡು ಸಾಕ್ಷಿಕಟ್ಟೆ ಏರಿದಳು. ಶಿವಕುಮಾರಿ ಮೊದಲ ಪ್ರಶ್ನೆ ಕೇಳಿದಳು.